ಹಳೆಯ ಕಾರಿನ ಪವರ್ ಸ್ಟೀರಿಂಗ್ ತೀರಾ ಹಗುರವಾಗಿದ್ದರೆ ಏನು ಮಾಡಬೇಕು? ಅನುಭವವಿದ್ದವರು ತಿಳಿಸಿ

ಪ್ರಶ್ನೆ:
ನನ್ನ ಬಳಿ 2004ರ ಪೆಟ್ರೋಲ್ ಸೆಡಾನ್ ಇದೆ. ಅದರ ಪವರ್ ಸ್ಟೀರಿಂಗ್ ಆಯಿಲ್ ಪಂಪಿನದು. ಊರೊಳಗೆ ಒಂದೇ ಬೆರಳಿಗೆ ತಿರುಗುವ ಸ್ಟೀರಿಂಗ್ ಹೆದ್ದಾರಿಯಲ್ಲಿಯೂ ಅಷ್ಟೇ ಹಗುರವಾಗಿರುವುದರಿಂದ, 90 ಕಿ.ಮೀ. ವೇಗ ದಾಟಿದರೆ ಕೈ ನಡುಗುತ್ತದೆ. ಪಂಪಿನ ಒತ್ತಡ ಇಳಿಸಿದರೆ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಯಾರಾದರೂ ಹಾಗೆ ಮಾಡಿಸಿದ್ದೀರಾ?

ಉತ್ತರ 1:
ಸರ್, ಪಂಪಿಗೆ ಕೈ ಹಾಕುವ ಮೊದಲು ಒಂದು ವಿಷಯವನ್ನು ಗಮನಿಸಿ. ನಿಮ್ಮನ್ನು ಕಾಡುತ್ತಿರುವುದು ಸ್ಟೀರಿಂಗ್ ಹಗುರವಾಗಿರುವುದೋ, ತಿರುವು ಮುಗಿದ ಮೇಲೂ ಅದು ತಾನಾಗಿ ನೇರಕ್ಕೆ ಮರಳದಿರುವುದೋ? ಇವೆರಡೂ ಒಂದೇ ಎಂದುಕೊಂಡು ನಾನು ಎರಡು ವರ್ಷ ಕಳೆದೆ. ಚಿತ್ರದುರ್ಗದ ಬಳಿ, ಗಾಳಿಯಂತ್ರಗಳಿರುವ ಗುಡ್ಡಗಳ ಪಕ್ಕದಲ್ಲಿ ಅಡ್ಡಗಾಳಿ ಬೀಸಿದಾಗಲೆಲ್ಲ ನನ್ನ 2002ರ ಕಾರನ್ನು ಕ್ಷಣಕ್ಷಣಕ್ಕೂ ತಿದ್ದುತ್ತಲೇ ಇರಬೇಕಾಗಿತ್ತು.

ಕಾರಣ ಸಿಕ್ಕಿದ್ದು ಕ್ಯಾಸ್ಟರ್ ಕೋನದಲ್ಲಿ. ಮುಂದಿನ ಚಕ್ರವು ಎಡಬಲಕ್ಕೆ ಹೊರಳುವ ಅಕ್ಷವು, ಸೈಕಲ್ಲಿನ ಮುಂದಿನ ಫೋರ್ಕಿನಂತೆ, ಮೇಲ್ಭಾಗದಲ್ಲಿ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಆ ವಾಲುವಿಕೆ ಕಡಿಮೆಯಾದಷ್ಟೂ ಸ್ಟೀರಿಂಗ್ ಹಗುರವಾಗುತ್ತದೆ ಮತ್ತು ನೇರಕ್ಕೆ ಮರಳುವ ಗುಣವನ್ನು ಕಳೆದುಕೊಳ್ಳುತ್ತದೆ. ಎಡಬಲಗಳ ನಡುವೆ ವ್ಯತ್ಯಾಸವಿದ್ದರೆ, ಕೋನ ಕಡಿಮೆಯಿರುವ ಕಡೆಗೆ ಕಾರು ಎಳೆಯುವುದೂ ಉಂಟು. ಅಲೈನ್‌ಮೆಂಟ್ ಮಾಡುವವರು ಸಾಮಾನ್ಯವಾಗಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ಹೊರಳಿರುವ ಪ್ರಮಾಣ) ಒಂದನ್ನೇ ಹೊಂದಿಸಿ ಕಳುಹಿಸಿಬಿಡುತ್ತಾರೆ. ಕ್ಯಾಸ್ಟರನ್ನೂ ಅಳೆದು ಹಾಳೆ ಕೊಡಿ ಎಂದು ನಾವೇ ಕೇಳಬೇಕು. ನನ್ನ ಕಾರಿಗೆ 2.5 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದದ್ದು ಎಡಕ್ಕೆ 1.2, ಬಲಕ್ಕೆ 1.6 ಇತ್ತು. ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋವರ್ ಆರ್ಮಿನ ಹಿಂಬದಿ ಬುಷ್‌ನ (ಕೀಲಿನಲ್ಲಿರುವ ರಬ್ಬರಿನ ಬಳೆ) ರಬ್ಬರು ಹರಿದು, ಆರ್ಮು ಚಕ್ರದ ಸಮೇತ ಹಿಂದಕ್ಕೆ ಸರಿದಿತ್ತು. ಎರಡೂ ಬದಿಯ ಬುಷ್‌ಗಳನ್ನು, ಅವುಗಳ ಜೊತೆಗೆ ತಿರುಗಲು ಬಿಗಿಯಾಗಿದ್ದ ಸ್ಟ್ರಟ್ (ಸ್ಪ್ರಿಂಗ್ ಸಮೇತದ ಮುಂದಿನ ಶಾಕ್ ಅಬ್ಸಾರ್ಬರ್) ಮೇಲಿನ ಬೇರಿಂಗನ್ನು ಬದಲಾಯಿಸಿದ ಮೇಲೆ ಎರಡೂ ಕಡೆ 2.3ಕ್ಕೆ ಬಂದಿತು.

ಇನ್ನೊಂದು ಸಣ್ಣ ವಿಷಯವನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ: ಬಾಗಿಲ ಪಟ್ಟಿಯ ಸ್ಟಿಕ್ಕರಿನಲ್ಲಿ 30 ಪಿಎಸ್‌ಐ ಎಂದಿದ್ದರೂ, ಪಂಕ್ಚರ್ ಅಂಗಡಿಯವರು ತುಂಬಿದ 40ರಲ್ಲಿಯೇ ತಿಂಗಳುಗಟ್ಟಲೆ ಓಡಿಸಿದ್ದೆ. ಗಾಳಿ ಹೆಚ್ಚಾದರೆ ಟೈರು ನೆಲವನ್ನು ಮುಟ್ಟುವ ಜಾಗ ಕಿರಿದಾಗಿ ಸ್ಟೀರಿಂಗ್ ಇನ್ನಷ್ಟು ಹಗುರವಾಗುತ್ತದೆ. ಇದಕ್ಕೆ ಖರ್ಚಿಲ್ಲವಾದ್ದರಿಂದ ಮೊದಲು ಇದನ್ನೇ ನೋಡಿ.

ಉತ್ತರ 2:
ನಾನು ಅಮೆರಿಕದಲ್ಲಿದ್ದು, 1960ರ ದಶಕದ ಇಲ್ಲಿಯ ಕಾರೊಂದನ್ನು ಇಟ್ಟುಕೊಂಡಿದ್ದೇನೆ. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಪವರ್ ಸ್ಟೀರಿಂಗ್ ಮಾರುಕಟ್ಟೆಗೆ ಬಂದ ನಂತರ, ಬೆರಳ ತುದಿಯಿಂದ ತಿರುಗಿಸುವುದೇ ಇಲ್ಲಿ ಬಹುಕಾಲ ಐಷಾರಾಮದ ಗುರುತಾಗಿತ್ತು. ಆದ್ದರಿಂದ ಹಗುರತನವು ಇಂತಹ ಕಾರುಗಳಿಗೆ ಹುಟ್ಟುಗುಣ, ಸವೆತವಲ್ಲ. ರೇಡಿಯಲ್ ಟೈರುಗಳಿಗಿಂತ ಹಿಂದಿನ, ಒಳಗಿನ ದಾರದ ಪದರಗಳು ಓರೆಯಾಗಿರುವ ಬಯಾಸ್ ಟೈರುಗಳಿಗೆಂದು ಇರಿಸಿದ್ದ, ಸೊನ್ನೆಗೆ ಹತ್ತಿರವಾದ ಕ್ಯಾಸ್ಟರನ್ನು, ಮೇಲಿನ ಆರ್ಮಿಗೆ ತೂತು ಮಧ್ಯದಲ್ಲಿಲ್ಲದ ಬುಷ್‌ಗಳನ್ನು ಹಾಕಿಸಿ 3 ಡಿಗ್ರಿಗೆ ಏರಿಸಿದೆ. ಮುಕ್ಕಾಲು ಪಾಲು ಸಮಾಧಾನ ಅಲ್ಲಿಯೇ ಸಿಕ್ಕಿತು.

ಪಂಪಿನ ವಿಷಯದಲ್ಲಿ ಜನರು ಎರಡು ವಾಲ್ವುಗಳ ಕೆಲಸವನ್ನು ಕಲಸಿಬಿಡುತ್ತಾರೆ. ಒಂದು, ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವು; ಇನ್ನೊಂದು, ಆಯಿಲ್ ಹರಿವನ್ನು ನಿಯಂತ್ರಿಸುವ ವಾಲ್ವು. ರಿಲೀಫ್ ವಾಲ್ವಿಗೆ ವಾಷರ್ ಸೇರಿಸಿ ಇಳಿಸುವುದು ಗರಿಷ್ಠ ಒತ್ತಡವನ್ನು ಮಾತ್ರ. ಆ ಒತ್ತಡ ಬೇಕಾಗುವುದು ನಿಂತ ಕಾರನ್ನು ಪೂರ್ತಿ ತಿರುಗಿಸುವಾಗಲೇ ಹೊರತು, ಹೆದ್ದಾರಿಯಲ್ಲಿ ನೇರ ಹೋಗುವಾಗಲ್ಲ. ಹೆದ್ದಾರಿಯ ಅನುಭವವನ್ನು ತೀರ್ಮಾನಿಸುವುದು ಆಯಿಲ್ ಹರಿಯುವ ಪ್ರಮಾಣ ಹಾಗೂ ಸ್ಟೀರಿಂಗ್ ಬಾಕ್ಸಿನೊಳಗಿನ ಟಾರ್ಷನ್ ಬಾರಿನ (ಕೈಯ ಬಲಕ್ಕೆ ತಿರುಚಿಕೊಂಡು ನೆರವಿನ ಪ್ರಮಾಣ ತೀರ್ಮಾನಿಸುವ ತೆಳು ಸರಳು) ಗಡಸುತನ. ಕೊನೆಗೆ ನಾನು ಗಡುಸಾದ ಬಾರ್ ಹಾಕಿಸಿದೆ. ದುಬಾರಿಯಾಯಿತು, ಆದರೆ ಪಶ್ಚಾತ್ತಾಪವಿಲ್ಲ. ನಿಮ್ಮ ಕಾರಿಗೆ ಅಷ್ಟು ದೂರ ಹೋಗುವ ಅಗತ್ಯ ಬರಲಾರದು. ಹರಿವನ್ನು ಅಂದಾಜಿನಲ್ಲಿ ಕಡಿಮೆ ಮಾಡಿಸಲೂ ಹೋಗಬೇಡಿ. ಥಟ್ಟನೆ ತಿರುಗಿಸಬೇಕಾದ ಕ್ಷಣದಲ್ಲಿಯೇ ಸ್ಟೀರಿಂಗ್ ಕಲ್ಲಿನಂತಾಗುತ್ತದೆ.

ಉತ್ತರ 3:
ಎಲೆಕ್ಟ್ರಿಕ್ ಸ್ಟೀರಿಂಗ್ ಇರುವವರಿಗಾಗಿ ಒಂದು ಮಾತು. ಅಲ್ಲಿ ಮೋಟಾರಿನ ನೆರವು ವೇಗ ಹೆಚ್ಚಿದಂತೆ ಕಡಿಮೆಯಾಗಬೇಕು. ನನ್ನ ಕಾರಿನಲ್ಲಿ ವೇಗದ ಸೆನ್ಸರ್ ಕೆಟ್ಟು, ಹೆದ್ದಾರಿಯಲ್ಲೂ ಪಾರ್ಕಿಂಗಿನಷ್ಟೇ ನೆರವು ಸಿಗುತ್ತಿತ್ತು. ಸ್ಪೀಡೋಮೀಟರ್ ಮುಳ್ಳು ಆಗಾಗ ಸೊನ್ನೆಗೆ ಬೀಳುತ್ತಿದ್ದುದೇ ಸುಳಿವು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇಂದು ಅಳೆಸಿದೆ: ಎಡಕ್ಕೆ 0.9, ಬಲಕ್ಕೆ 1.8 ಡಿಗ್ರಿ. ಕಾರು ಎಡಕ್ಕೆ ಎಳೆಯುತ್ತಿದ್ದುದನ್ನು ರಸ್ತೆಯ ಓರೆಯೆಂದೇ ಇಷ್ಟು ದಿನ ತಿಳಿದಿದ್ದೆ. ಬುಷ್‌ಗಳಿಗೆ ಹೇಳಿದ್ದೇನೆ, ಪಂಪನ್ನು ಮುಟ್ಟಬಾರದೆಂದು ಗ್ಯಾರೇಜಿಗೂ ತಿಳಿಸಿದ್ದೇನೆ.