ಎರಡು ಟ್ಯಾಂಕ್‌ಗಳ ಪಿಕಪ್: ಮುಂದಿನ ಟ್ಯಾಂಕ್ ತಾನಾಗಿ ತುಂಬುತ್ತಿದೆ, ಎರಡನ್ನೂ ಒಂದು ಮಾಡಬಹುದೇ?

ಪ್ರಶ್ನೆ

ನನ್ನ ಬಳಿ 1990ರ ದಶಕದ ಆರಂಭದ, ಪೆಟ್ರೋಲ್ ಇಂಜೆಕ್ಷನ್ ಎಂಜಿನ್ ಇರುವ ಪಿಕಪ್ ಇದೆ. ಚಾಸಿಯ ಪಕ್ಕಕ್ಕೆ ಸುಮಾರು 60 ಲೀಟರಿನ ಒಂದು ಟ್ಯಾಂಕ್, ಹಿಂದಿನ ಆಕ್ಸಲ್‌ನ ಆಚೆಗೆ ಸುಮಾರು 70 ಲೀಟರಿನ ಇನ್ನೊಂದು ಟ್ಯಾಂಕ್ ಇದ್ದು, ಎರಡರೊಳಗೂ ಪ್ರತ್ಯೇಕ ಪಂಪ್‌ಗಳಿವೆ. ಡ್ಯಾಶ್‌ಬೋರ್ಡಿನ ಸ್ವಿಚ್ ಬದಲಿಸಿದರೆ ಪಂಪ್ ಬದಲಾಗುತ್ತದೆ, ಅದರೊಂದಿಗೆ ಮೀಟರಿನ ಮುಳ್ಳು ಕೂಡ ಆ ಟ್ಯಾಂಕಿನ ಮಟ್ಟವನ್ನು ತೋರಿಸುತ್ತದೆ.

ಕೆಲವು ತಿಂಗಳುಗಳಿಂದ ಹಿಂದಿನ ಟ್ಯಾಂಕಿನಲ್ಲಿ ಓಡಿಸುವಾಗ ಅದು ಅತಿ ಬೇಗ ಖಾಲಿಯಾಗುತ್ತಿದೆ, ಮುಂದಿನದು ಏರುತ್ತಿದೆ. ಕಳೆದ ವಾರ ಎರಡನ್ನೂ ತುಂಬಿಸಿಕೊಂಡು ಹೊರಟ ಸ್ವಲ್ಪ ಹೊತ್ತಿಗೇ ಮುಂದಿನ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಹೊರಚೆಲ್ಲಿ ಗಾಡಿಯ ಮಗ್ಗುಲೆಲ್ಲ ಒದ್ದೆಯಾಯಿತು. ಈ ಬದಲಾವಣೆಯ ಏರ್ಪಾಡನ್ನೇ ಕಿತ್ತುಹಾಕಿ, ಎರಡು ಟ್ಯಾಂಕ್‌ಗಳ ತಳಕ್ಕೆ ದಪ್ಪ ಹೋಸ್ ಜೋಡಿಸಿ ಒಂದೇ ಟ್ಯಾಂಕಿನಂತೆ ಬಳಸಬೇಕೆಂದಿದ್ದೇನೆ. ಇದು ಸರಿಯಾದ ದಾರಿಯೇ? ಅಥವಾ ಒಂದನ್ನು ಮೀಸಲಾಗಿ ಇಟ್ಟುಕೊಂಡು, ಬೇಕಾದಾಗ ಸಣ್ಣ ಪಂಪಿನಿಂದ ಇನ್ನೊಂದಕ್ಕೆ ವರ್ಗಾಯಿಸುವುದು ಮೇಲೇ?

ಮೊದಲನೆಯ ಉತ್ತರ

ಯಾವುದನ್ನೂ ಕತ್ತರಿಸುವ ಮೊದಲು ಪೆಟ್ರೋಲ್ ಆ ಟ್ಯಾಂಕಿಗೆ ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದನ್ನು ತಿಳಿದುಕೊಳ್ಳಿ. ಇಂತಹ ಎಂಜಿನ್‌ಗಳಲ್ಲಿ ಪಂಪ್ ಗಂಟೆಗೆ ನೂರು ಲೀಟರಿಗೂ ಹೆಚ್ಚು ತಳ್ಳಬಲ್ಲದು. ಸಮತಟ್ಟಾದ ರಸ್ತೆಯಲ್ಲಿ ಹದವಾದ ವೇಗದಲ್ಲಿ ಎಂಜಿನ್ ಉರಿಸುವುದು ಹತ್ತು ಹದಿನೈದು ಲೀಟರ್ ಮಾತ್ರ. ಉಳಿದದ್ದನ್ನು ಒತ್ತಡ ನಿಯಂತ್ರಕವು ರಿಟರ್ನ್ ಪೈಪಿನ ಮೂಲಕ ಹಿಂದಕ್ಕೆ ಕಳುಹಿಸುತ್ತದೆ. ಅದು ಹೊರಟ ಟ್ಯಾಂಕಿಗೇ ಮರಳಬೇಕು. ಅದರಲ್ಲಿ ಸ್ವಲ್ಪ ಪಾಲು ದಾರಿ ತಪ್ಪಿದರೂ ನೀವು ಹೇಳುವಂತೆ ಒಂದು ಬೇಗ ಬರಿದಾಗಿ ಇನ್ನೊಂದು ತುಂಬಿ ಚೆಲ್ಲುತ್ತದೆ.

ಟ್ಯಾಂಕಿನೊಳಗೇ ಪಂಪ್ ಇರುವ ಅನೇಕ ವಿನ್ಯಾಸಗಳಲ್ಲಿ, ಓಡುತ್ತಿರುವ ಪಂಪಿನ ಒತ್ತಡವೇ ಆ ಟ್ಯಾಂಕಿನ ರಿಟರ್ನ್ ವಾಲ್ವನ್ನು ತೆರೆಯುತ್ತದೆ, ಸುಮ್ಮನಿರುವ ಟ್ಯಾಂಕಿನ ವಾಲ್ವನ್ನು ಸ್ಪ್ರಿಂಗ್ ಮುಚ್ಚಿ ಹಿಡಿದಿರುತ್ತದೆ. ಕಸ ಸಿಕ್ಕಿ ಅದು ಪೂರ್ತಿ ಮುಚ್ಚದೆ ಹೋದರೆ ಮರಳುವ ಪೆಟ್ರೋಲ್ ಅಲ್ಲಿಗೂ ನುಗ್ಗುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ: ಮುಂದಿನ ಪಂಪಿನ ಹೊರದಾರಿಯಲ್ಲಿರುವ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಲು ಬಿಡುವ ವಾಲ್ವ್) ಸವೆದಿದ್ದರೆ, ಹಿಂದಿನ ಪಂಪ್ ತಳ್ಳಿದ್ದು ಆ ಪಂಪಿನ ಮೂಲಕವೇ ಹಿಮ್ಮುಖವಾಗಿ ಇಳಿಯುತ್ತದೆ. ಎರಡಕ್ಕೂ ಲಕ್ಷಣ ಒಂದೇ, ಮದ್ದು ಬೇರೆ.

ಇವೆರಡನ್ನು ಬೇರ್ಪಡಿಸಲು ಮುಂದಿನ ಟ್ಯಾಂಕಿನ ರಿಟರ್ನ್ ಹೋಸನ್ನು ಮಾತ್ರ ಬಿಚ್ಚಿ, ಪೈಪಿನ ತುದಿಯನ್ನೂ ಟ್ಯಾಂಕಿನ ತುದಿಯನ್ನೂ ಭದ್ರವಾಗಿ ಮುಚ್ಚಿ, ಹಿಂದಿನ ಟ್ಯಾಂಕಿನಲ್ಲಿ ಸ್ವಲ್ಪ ದೂರ ಓಡಿಸಿರಿ. ಮುಂದಿನದರ ಮಟ್ಟ ಏರದಿದ್ದರೆ ದೋಷ ರಿಟರ್ನ್ ವಾಲ್ವಿನದು. ಆಗಲೂ ಏರಿದರೆ ಚೆಕ್ ವಾಲ್ವಿನದು. ಪರೀಕ್ಷೆಯ ಹೊತ್ತಿನಲ್ಲಿ ಸ್ವಿಚ್ಚನ್ನು ಮುಂದಿನ ಟ್ಯಾಂಕಿಗೆ ತಿರುಗಿಸಬಾರದು, ಏಕೆಂದರೆ ಅಲ್ಲಿ ಮರಳುವ ದಾರಿ ಮುಚ್ಚಿರುತ್ತದೆ. ಹೋಸ್ ಬಿಚ್ಚುವ ಮೊದಲು ಪಂಪಿನ ರಿಲೇ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ, ಬಳಿಕ ಬ್ಯಾಟರಿಯ ಋಣ ತಂತಿಯನ್ನು ಕಳಚಿರಿ.

ಎರಡನೆಯ ಉತ್ತರ

ತಳಕ್ಕೆ ಹೋಸ್ ಜೋಡಿಸುವ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಟ್ಯಾಂಕ್‌ಗಳ ಎತ್ತರ ಒಂದೇ ಆಗಿರುವುದು ಅಪರೂಪ. ತಳ ಸೇರಿದೊಡನೆ ದ್ರವವು ಸಮಮಟ್ಟ ಹುಡುಕುತ್ತಾ ಕೆಳಗಿನದಕ್ಕೆ ಇಳಿಯುತ್ತದೆ, ಏರು ಹತ್ತುವಾಗ ಮುಂದಿನದೆಲ್ಲ ಹಿಂದಕ್ಕೆ ಸರಿಯುತ್ತದೆ, ಈಗ ಮುಂದಿನ ಮುಚ್ಚಳದಲ್ಲಿ ಚೆಲ್ಲುತ್ತಿರುವುದು ಆಗ ಹಿಂದಿನದರಲ್ಲಿ ಚೆಲ್ಲುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಇಂತಹ ಟ್ಯಾಂಕ್‌ಗಳ ಪೈಪ್‌ಗಳನ್ನು ಮೇಲ್ಭಾಗದಿಂದ ಹೊರತೆಗೆಯುವುದರಿಂದ, ಒಂದು ಪೈಪ್ ತುಂಡಾದರೂ ಟ್ಯಾಂಕ್ ತನ್ನಷ್ಟಕ್ಕೆ ಬರಿದಾಗುವುದಿಲ್ಲ. ತಳದ ಹೋಸಿಗೆ ಕಲ್ಲು ತಗುಲಿದರೆ ನೂರಕ್ಕೂ ಹೆಚ್ಚು ಲೀಟರ್ ಪೆಟ್ರೋಲ್ ಬಿಸಿ ಎಗ್ಸಾಸ್ಟ್ ಪೈಪಿನ ಪಕ್ಕದಲ್ಲೇ ನೆಲಕ್ಕೆ ಸುರಿಯುತ್ತದೆ.

ಹೋಸ್ ಕೂರಿಸಲು ಟ್ಯಾಂಕಿಗೆ ಬೆಸುಗೆ ಹಾಕಿಸುವ ಯೋಚನೆಯಿದ್ದರೆ ಇದನ್ನೂ ತಿಳಿದಿರಿ: ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ, ಬರಿದಾದ ಟ್ಯಾಂಕಿನಲ್ಲಿ ಆ ಪ್ರಮಾಣ ಸುಲಭವಾಗಿ ಒದಗಿಬರುತ್ತದೆ.

ವರ್ಗಾವಣೆ ಪಂಪಿನ ಏರ್ಪಾಡು ಸಾಧ್ಯವಿದೆ, ಆದರೆ ಅದನ್ನು ಶಿಸ್ತಿನಿಂದ ಮಾಡಬೇಕು. ಎಂಜಿನ್ನಿಗೆ ಒಂದೇ ಟ್ಯಾಂಕಿನಿಂದ ಪೂರೈಕೆಯಾಗಬೇಕು, ರಿಟರ್ನ್ ಕೂಡ ಅದಕ್ಕೇ ಬರಬೇಕು. ಇನ್ನೊಂದು ಟ್ಯಾಂಕಿನಿಂದ ಕಡಿಮೆ ಒತ್ತಡದ ಪಂಪ್ ಮೂಲಕ, ಮುಖ್ಯ ಟ್ಯಾಂಕಿನ ತುಂಬುವ ಕೊಳವೆಯ ಮೇಲ್ಭಾಗಕ್ಕೆ ಸಾಗಿಸಿರಿ. ಹಾಗಾದರೆ ಪಂಪ್ ನಿಂತಾಗ ಸೈಫನ್ ಆಗಿ ಹಿಂದಕ್ಕೆ ಹರಿಯುವುದಿಲ್ಲ. ಪಂಪಿಗೆ ತನ್ನದೇ ಫ್ಯೂಸ್ ಇರಲಿ, ಇಗ್ನಿಷನ್ ಆನ್ ಇದ್ದಾಗ ಮಾತ್ರ ಅದು ಓಡಲಿ. ಡಿಕ್ಕಿಯಾದಾಗ ಪಂಪಿನ ವಿದ್ಯುತ್ತನ್ನು ಕಡಿಯುವ ಇನರ್ಷಿಯಾ ಸ್ವಿಚ್ ನಿಮ್ಮ ಗಾಡಿಯಲ್ಲಿದ್ದರೆ ಹೊಸ ಪಂಪಿನ ತಂತಿಯೂ ಅದರ ಮೂಲಕವೇ ಹೋಗಬೇಕು. ಮರೆತು ಬಿಟ್ಟರೂ ತುಂಬಿ ಚೆಲ್ಲದಂತೆ, ಮಟ್ಟ ಮೇಲೇರಿದಾಗ ನಿಲ್ಲಿಸುವ ಫ್ಲೋಟ್ ಸ್ವಿಚ್ ಅಥವಾ ಟೈಮರ್ ಇಲ್ಲದೆ ಇದನ್ನು ಮಾಡಲೇಬೇಡಿ.

ಇಷ್ಟೆಲ್ಲ ಶ್ರಮಪಟ್ಟು ಹೊಸದಾಗಿ ಕಟ್ಟುವುದಕ್ಕಿಂತ ಕೆಟ್ಟ ಒಂದು ವಾಲ್ವನ್ನು ಬದಲಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಮೂರನೆಯ ಉತ್ತರ

ಮೇಲಿನವರ ಮಾತಿಗೆ ಎರಡು ವಿಷಯಗಳನ್ನು ಸೇರಿಸುತ್ತೇನೆ. ಹೋಸ್‌ಗಳೆಲ್ಲ ಒಂದೇ ಅಲ್ಲ. ಕಾರ್ಬ್ಯುರೇಟರ್ ಗಾಡಿಗಳಿಗೆಂದು ಮಾರುವ ಎಸ್‌ಎಇ ಜೆ30ಆರ್7 ದರ್ಜೆಯ ಹೋಸನ್ನು (ಎಸ್‌ಎಇ ಎಂದರೆ ವಾಹನ ಎಂಜಿನಿಯರ್‌ಗಳ ಸಂಘ) ಇಂಜೆಕ್ಷನ್ ಒತ್ತಡದ ಪೈಪಿಗೆ ಹಾಕಬಾರದು. ಅಲ್ಲಿಗೆ ಜೆ30ಆರ್9 ಬೇಕು, ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರುವ ತುಂಡಿಗೆ ಜೆ30ಆರ್10 ಬೇಕು. ಜೆ30ಆರ್9 ಹೊರಗಡೆ ಎಷ್ಟೇ ಗಟ್ಟಿಯಾದರೂ ಒಳಗೆ ಮುಳುಗಿಸಿಡಲು ತಯಾರಿಸಿದ್ದಲ್ಲ.

ಎರಡನೆಯದು ಮೀಟರ್. ಒಂದು ಟ್ಯಾಂಕಿಗೆ ಬೇರೆ ಗಾಡಿಯ ಫ್ಲೋಟ್ ಜೋಡಣೆಯನ್ನು (ಪೆಟ್ರೋಲಿನ ಮಟ್ಟದೊಂದಿಗೆ ಏರಿಳಿದು, ತನ್ನ ವಿದ್ಯುತ್ ರೋಧದಿಂದ ಮೀಟರಿಗೆ ಮಟ್ಟ ತಿಳಿಸುವ ಭಾಗ) ತಂದು ಹಾಕುವವರಿದ್ದಾರೆ. ಹಳೆಯ ಜಿಎಂ (ಜನರಲ್ ಮೋಟರ್ಸ್) ಗಾಡಿಗಳಲ್ಲಿ ಸಾಮಾನ್ಯವಾಗಿ ಈ ರೋಧ ಖಾಲಿಗೆ 0, ತುಂಬಿದಾಗ 90 ಓಮ್. ಹಳೆಯ ಫೋರ್ಡ್‌ಗಳಲ್ಲಿ ಖಾಲಿಗೆ 73, ತುಂಬಿದಾಗ 10 ಓಮ್. ಒಂದನ್ನು ಇನ್ನೊಂದರ ಮೀಟರಿಗೆ ಜೋಡಿಸಿದರೆ ಮುಳ್ಳು ತಲೆಕೆಳಗಾಗಿ ಚಲಿಸುತ್ತದೆ. ಆದ್ದರಿಂದ ಫ್ಲೋಟನ್ನು ಕೈಯಿಂದ ಕೆಳಗೆ ಮೇಲೆ ಮಾಡಿ ಓಮ್ ಅಳೆದ ಮೇಲೆಯೇ ಟ್ಯಾಂಕನ್ನು ಮೇಲಕ್ಕೇರಿಸಿ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮುಂದಿನ ಟ್ಯಾಂಕಿನ ರಿಟರ್ನನ್ನು ಮುಚ್ಚಿ, ಹಿಂದಿನ ಟ್ಯಾಂಕಿನಲ್ಲಿ 40 ಕಿಲೋಮೀಟರ್ ಓಡಿಸಿದೆ. ಮುಂದಿನದರ ಮಟ್ಟ ಇದ್ದಲ್ಲಿಯೇ ಇತ್ತು. ಟ್ಯಾಂಕ್ ಇಳಿಸಿ ಪಂಪಿನ ಜೋಡಣೆಯನ್ನು ಹೊರತೆಗೆದಾಗ ರಿಟರ್ನ್ ವಾಲ್ವಿನ ಪೀಠದಲ್ಲಿ ತುಕ್ಕಿನ ಸಣ್ಣ ಹಳಕುಗಳು ಕೂತಿದ್ದವು. ತೊಳೆದರೂ ಅದು ಸರಿಯಾಗಿ ಮುಚ್ಚಲಿಲ್ಲವಾದ್ದರಿಂದ ಇಡೀ ಜೋಡಣೆಯನ್ನೇ ಹೊಸದು ಹಾಕಿದೆ, ಒಳಗಿನ ಹೋಸ್ ತುಂಡಿಗೆ ಜೆ30ಆರ್10 ಬಳಸಿದೆ. ತುಕ್ಕು ಹಳಕಿನ ಮೂಲ ತುಂಬುವ ಕೊಳವೆಯ ಒಳಮೈ ಆಗಿದ್ದುದರಿಂದ ಅದನ್ನೂ ಬದಲಿಸಿದೆ. ಈಗ ಎರಡು ಟ್ಯಾಂಕ್‌ಗಳೂ ತಮ್ಮ ತಮ್ಮ ಪಾಲಿನ ಪೆಟ್ರೋಲನ್ನು ಇಟ್ಟುಕೊಂಡಿವೆ. ತಳಕ್ಕೆ ಹಾಕಬೇಕೆಂದು ತಂದಿದ್ದ ದಪ್ಪ ಹೋಸನ್ನು ಅಂಗಡಿಗೆ ಹಿಂತಿರುಗಿಸಿದ್ದೇನೆ.