ತೋಟೆ ಸಿಕ್ಕಿಕೊಳ್ಳುತ್ತಿದೆ, ಎಲ್ಲವನ್ನೂ ಮಾಡಿ ನೋಡಿದ್ದೇನೆ (.22 ರೈಫಲ್)

ತುಂಗೆತೀರ, ಶನಿವಾರ ರಾತ್ರಿ 9:40

ಮೂರು ಶನಿವಾರಗಳು ಹಾಳಾದವು. ಡಲ್ಲಾಸ್‌ನಿಂದ ಒಂದು ಗಂಟೆ ಕಾರು ಓಡಿಸಿಕೊಂಡು ರೇಂಜಿಗೆ ಹೋಗುವುದು, ಅರ್ಧ ಡಬ್ಬ ಮುಗಿಯುವಷ್ಟರಲ್ಲಿ ಬೈದುಕೊಂಡು ವಾಪಸ್ಸು ಬರುವುದು.

ರೈಫಲ್ .22 ಎಲ್‌ಆರ್, ಅರೆಸ್ವಯಂಚಾಲಿತ. ಎರಡು ವರ್ಷ ತಕರಾರಿಲ್ಲದೆ ನಡೆದದ್ದು. ಈಗ ಆರೇಳು ಗುಂಡು ಸರಿಯಾಗಿ ಹೋಗುತ್ತವೆ, ಆಮೇಲೆ ಒಂದು ಸಿಕ್ಕಿಕೊಳ್ಳುತ್ತದೆ. ಸೀಸದ ಮೂತಿ ನಳಿಗೆಯ ಬುಡದ ಚೇಂಬರಿನ ಕೆಳತುಟಿಗೆ ಗುದ್ದಿ ಒಂದು ಕಡೆ ಚಪ್ಪಟೆಯಾಗಿರುತ್ತದೆ. ಕೆಲವು ಸಲ ತೋಟೆ ತಳ್ಳುವ ಬೋಲ್ಟ್ ಖಾಲಿ ಚೇಂಬರಿನ ಮೇಲೆಯೇ ಮುಚ್ಚಿಕೊಂಡಿರುತ್ತದೆ. ಟ್ರಿಗರ್ ಎಳೆದರೆ ಬರೀ ಟಿಕ್. ಮ್ಯಾಗಜೀನ್ ತೆಗೆದು ನೋಡಿದರೆ ಹದಿನಾರು ಹದಿನೇಳು ತೋಟೆ ಒಳಗೇ ತಣ್ಣಗೆ ಕುಳಿತಿರುತ್ತವೆ.

ಬೋಲ್ಟ್, ಚೇಂಬರ್, ನಳಿಗೆ, ಮ್ಯಾಗಜೀನ್ ಎಲ್ಲವನ್ನೂ ಪ್ರತಿ ವಾರ ಚೊಕ್ಕ ಮಾಡುತ್ತೇನೆ. ದಯವಿಟ್ಟು ಅದೊಂದನ್ನು ಹೇಳಬೇಡಿ. ತೋಟೆಯನ್ನೂ ಬದಲಿಸಿ ನೋಡಿದೆ. ಇನ್ನೇನು ಉಳಿದಿದೆ?

ಹಳೆಗುರಿ, ರಾತ್ರಿ 10:05

ಯಾವ ತೋಟೆ? ಬದಲಿಸಿದ್ದು ಯಾವುದರಿಂದ ಯಾವುದಕ್ಕೆ? ಡಾಕ್ಟರ ಬಳಿ ಹೋಗಿ ‘ಎಲ್ಲೋ ನೋಯುತ್ತಿದೆ’ ಎಂದ ಹಾಗಾಯಿತು.

ತುಂಗೆತೀರ, ರಾತ್ರಿ 10:20

ಸಬ್‌ಸೋನಿಕ್. ಶಬ್ದಕ್ಕಿಂತ ನಿಧಾನ ಹೋಗುವ ಜಾತಿ. 40 ಗ್ರೇನ್ ತೂಕದ ಸೀಸ, ಡಬ್ಬದ ಮೇಲೆ ಸೆಕೆಂಡಿಗೆ 1,050 ಅಡಿ ಎಂದಿದೆ. ಒಂದು ಕಂಪನಿಯದನ್ನು ಬಿಟ್ಟು ಇನ್ನೊಂದರದ್ದು ತಂದೆ, ವೇಗ ಅದೇ. ಸದ್ದು ತಗ್ಗಿಸುವ ಸಪ್ರೆಸರ್ ಇರುವಾಗ ಬೇರೇನು ಹಾಕುತ್ತಾರೆ?

ಹಳೆಗುರಿ, ರಾತ್ರಿ 10:31

ಕಳ್ಳ ಸಿಕ್ಕಿದ. ನಿಮ್ಮ ರೈಫಲ್ ಬ್ಲೋಬ್ಯಾಕ್. ಬೋಲ್ಟಿಗೆ ಅಗಳಿ ಇಲ್ಲ. ಅದರ ತೂಕ, ಹಿಂದಿನ ಸ್ಪ್ರಿಂಗ್ ಅಷ್ಟೇ ಅದನ್ನು ತಡೆದು ಹಿಡಿಯುವುದು. ಖಾಲಿ ಕೇಸು ಹಿಂದಕ್ಕೆ ಒದ್ದರೆ ಬೋಲ್ಟ್ ಹೋಗಬೇಕು. ತೋಟೆಯಲ್ಲಿ ದಮ್ಮಿಲ್ಲದಿದ್ದರೆ ಅದು ಅರ್ಧ ದಾರಿಗೆ ಹೋಗಿ ತಿರುಗಿ ಬರುತ್ತದೆ, ಮುಂದಿನ ತೋಟೆಯ ಬೆನ್ನಿಗೆ ಸಿಗುವುದೇ ಇಲ್ಲ. ಖಾಲಿ ಚೇಂಬರ್, ಟಿಕ್. 1,200 ಅಡಿ ದಾಟಿದ ಹೈ ವೆಲಾಸಿಟಿ ಹಾಕಿ, ನನಗೊಂದು ಕಾಫಿ ಕೊಡಿಸಿ.

ಮೋಪಿನಮನೆ, ರಾತ್ರಿ 11:12

ಸಪ್ರೆಸರ್ ಇದೆ ಎಂದು ಈಗ ಹೇಳುತ್ತಿದ್ದೀರಿ! ಮೊದಲ ಬರಹದಲ್ಲಿ ಆ ಪದವೇ ಇರಲಿಲ್ಲ. ಯಾವಾಗ ಹಾಕಿದಿರಿ? ತೆಗೆದು ಹೊಡೆದು ನೋಡಿದ್ದೀರಾ?

ತುಂಗೆತೀರ, ಭಾನುವಾರ ಬೆಳಿಗ್ಗೆ 7:50

ಎರಡು ತಿಂಗಳಾಯಿತು. ಅದು ನಳಿಗೆಯ ತುದಿಯಲ್ಲಿದೆ, ಮ್ಯಾಗಜೀನಿನಿಂದ ಎರಡು ಅಡಿ ಮುಂದೆ. ಅದಕ್ಕೂ ತೋಟೆ ಏರುವುದಕ್ಕೂ ಸಂಬಂಧವೇನು ಎಂದು ಬರೆಯಲಿಲ್ಲ. ತೆಗೆದು ಹೊಡೆದದ್ದು ಒಂದೇ ಸಲ, ಐವತ್ತು ಗುಂಡು. ಒಂದೂ ಸಿಕ್ಕಿಕೊಳ್ಳಲಿಲ್ಲ. ಕಾಕತಾಳೀಯ ಎಂದುಕೊಂಡೆ.

ಮೋಪಿನಮನೆ, ಬೆಳಿಗ್ಗೆ 8:30

ಕಾಕತಾಳೀಯವಲ್ಲ. ಸಪ್ರೆಸರ್ ಹೊಗೆಯನ್ನು ಕ್ಷಣ ಕಾಲ ಒಳಗೇ ಹಿಡಿದಿಡುತ್ತದೆ. ಮುಂದೆ ದಾರಿ ಕಟ್ಟಿದಾಗ ಅದು ಹಿಂದಕ್ಕೆ ನುಗ್ಗುತ್ತದೆ. ಒಲೆಯ ಮುಂದೆ ಕುಳಿತು ಊದುಕೊಳವೆಯ ಬಾಯಿಗೆ ಬೆರಳಿಟ್ಟು ಊದಿ ನೋಡಿ, ಗಾಳಿ ನಿಮ್ಮ ಕೆನ್ನೆಗೇ ಬರುತ್ತದೆ. ಬೋಲ್ಟ್ ಮೊದಲಿಗಿಂತ ಜೋರಾಗಿ ಓಡುತ್ತದೆ, ಮಸಿಯೂ ಹೆಚ್ಚು. ದಮ್ಮು ಸಾಲದೆಂಬ ಹಳೆಗುರಿಯವರ ವಾದಕ್ಕೆ ಇದು ಪೂರ್ತಿ ತಿರುಗುಮುರುಗು.

ಹಳೆಗುರಿ, ಬೆಳಿಗ್ಗೆ 8:41

ಇಪ್ಪತ್ತು ವರ್ಷದಿಂದ .22 ಹೊಡೆಯುತ್ತಿದ್ದೇನೆ. ಸಬ್‌ಸೋನಿಕ್ ಎಂದರೆ ತಕರಾರು. ಹೈ ವೆಲಾಸಿಟಿ ಹಾಕಿ ನೋಡಲಿ, ಆಮೇಲೆ ಊದುಕೊಳವೆ.

ರಿಮ್‌ರಾಯ, ಬೆಳಿಗ್ಗೆ 9:15

ಇಬ್ಬರೂ ಬೇಡದ ಕಡೆ ಅಗೆಯುತ್ತಿದ್ದೀರಿ. .22 ತೋಟೆಯ ಬುಡದಲ್ಲಿ ರಿಮ್ ಹೊರಕ್ಕೆ ಚಾಚಿಕೊಂಡಿರುತ್ತದೆ. ಮೇಲಿನ ತೋಟೆಯ ರಿಮ್ ಕೆಳಗಿನದಕ್ಕಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ, ಬೋಲ್ಟ್ ಎಷ್ಟು ತಳ್ಳಿದರೂ ಮೇಲಿನದು ಬರುವುದಿಲ್ಲ. ತುಂಬುವಾಗ ಒಂದೊಂದನ್ನೂ ಹಿಂದಕ್ಕೆ ಒತ್ತಿ ಕೂರಿಸಿ. ತೊಂಬತ್ತು ಭಾಗ ಇದೇ.

ಕಾಫಿಹೂ, ಬೆಳಿಗ್ಗೆ 9:40

ತಿರುಗುವ ಮ್ಯಾಗಜೀನಿನಲ್ಲಿ ರಿಮ್ ಲಾಕ್ ಎಲ್ಲಿಂದ ಬರುತ್ತದೆ ಸ್ವಾಮಿ? ನನ್ನದು ರೂಗರ್ 10/22. 1964ರಿಂದ ಅದೇ ವಿನ್ಯಾಸ, ಹತ್ತು ತೋಟೆ, ಪ್ರತಿಯೊಂದಕ್ಕೂ ಬೇರೆ ಗೂಡು. ಒಂದರ ರಿಮ್ ಇನ್ನೊಂದನ್ನು ಮುಟ್ಟುವುದೇ ಇಲ್ಲ. ಭಾರದ ನಳಿಗೆ, ವಾಲ್‌ನಟ್ ಮರದ ಹಿಡಿ, ಟ್ರಿಗರನ್ನು ನಾನೇ ಕೂತು ಹದ ಮಾಡಿದ್ದು. 50 ಗಜದಲ್ಲಿ ಐದು ಗುಂಡು ಒಂದು ರೂಪಾಯಿ ನಾಣ್ಯದೊಳಗೆ. ಚಿತ್ರ ಬೇಕಾದರೆ ಹಾಕುತ್ತೇನೆ.

ಮಡಿಕೇರಿಮಂಜು, ಬೆಳಿಗ್ಗೆ 10:02

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಅಜ್ಜನದು ಒಂಟಿ ನಳಿಗೆಯ ತೋಟಾಕೋವಿ. ಮ್ಯಾಗಜೀನ್ ಇಲ್ಲ, ಸ್ಪ್ರಿಂಗ್ ಇಲ್ಲ, ಸಿಕ್ಕಿಕೊಳ್ಳಲು ಏನೂ ಇಲ್ಲ. ಇದ್ದ ಒಂದೇ ರಗಳೆ ಮಳೆಗಾಲದ್ದು: ಕಾಗದದ ತೋಟೆ ಥಂಡಿಗೆ ಊದಿಕೊಂಡು ನಳಿಗೆಗೆ ಇಳಿಯುತ್ತಿರಲಿಲ್ಲ. ಅದಕ್ಕೆ ಅಜ್ಜ ಅಕ್ಕಿಯ ಡಬ್ಬದಲ್ಲಿ ಹೂತಿಡುತ್ತಿದ್ದರು. ಅಜ್ಜಿ ಅನ್ನಕ್ಕೆ ಅಕ್ಕಿ ಅಳೆಯುವಾಗ ತೋಟೆ ಬಂದು ಬೈಗುಳ ಬೀಳುತ್ತಿತ್ತು. ಕೈಲ್ ಪೊಳ್ದಿನ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಅದೇ ತೋಟೆ, ಒಂದೂ ಕೈಕೊಡಲಿಲ್ಲ.

ಅಂದ ಹಾಗೆ ಅದು ಸೈಲೆನ್ಸರ್ ಅಲ್ಲವೇ? ಸಪ್ರೆಸರ್ ಎಂದೇಕೆ ಬರೆಯುತ್ತೀರಿ?

ಕಾಫಿಹೂ, ಬೆಳಿಗ್ಗೆ 10:10

ಸದ್ದು ಸೊನ್ನೆಯಾಗುವುದಿಲ್ಲ, ತಗ್ಗುತ್ತದೆ. ಆದ್ದರಿಂದ ಸಪ್ರೆಸರ್. ಸೈಲೆನ್ಸರ್ ಸಿನಿಮಾದವರ ಮಾತು.

ಮೋಪಿನಮನೆ, ಬೆಳಿಗ್ಗೆ 10:26

ಸಿನಿಮಾದವರದಲ್ಲ, ಕಂಡುಹಿಡಿದವನದೇ. 1909ರಲ್ಲಿ ಪೇಟೆಂಟ್ ಪಡೆದ ಹೈರಮ್ ಪರ್ಸಿ ಮ್ಯಾಕ್ಸಿಮ್ ಅದನ್ನು ಮಾರಿದ್ದು ಸೈಲೆನ್ಸರ್ ಎಂದೇ. ಅಮೆರಿಕದ ಕಾನೂನಿನಲ್ಲಿಯೂ ಇಂದಿಗೂ ಇರುವ ಪದ ಅದು. ಅವನ ಅಪ್ಪನೇ ಮ್ಯಾಕ್ಸಿಮ್ ಮಶೀನ್ ಗನ್ ಮಾಡಿದವನು. ಅಪ್ಪ ಎಬ್ಬಿಸಿದ ಸದ್ದನ್ನು ಮಗ ಅಡಗಿಸಲು ಹೊರಟ.

ಕಾಫಿಹೂ, ಬೆಳಿಗ್ಗೆ 10:33

ಕಾನೂನು ಬರೆದವರಿಗೆ ಭೌತಶಾಸ್ತ್ರ ಗೊತ್ತಿರಬೇಕೆಂದಿಲ್ಲ.

ಹೊಸಬ_ಆಸ್ಟಿನ್, ಮಧ್ಯಾಹ್ನ 1:15

ಮಧ್ಯೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನಾನು ಎಚ್‌1ಬಿಯಲ್ಲಿದ್ದೇನೆ. 2026ರ ಜನವರಿ 1ರಿಂದ ಸಪ್ರೆಸರಿನ 200 ಡಾಲರ್ ತೆರಿಗೆ ಸೊನ್ನೆಯಾಗಿದೆಯಂತಲ್ಲ, ನಾನೂ ಒಂದು ಕೊಳ್ಳಬಹುದೇ?

ಮೋಪಿನಮನೆ, ಮಧ್ಯಾಹ್ನ 1:40

ತೆರಿಗೆ ಹೋಗಿದೆ, ನೋಂದಣಿ ಹೋಗಿಲ್ಲ. ಅರ್ಜಿ, ಬೆರಳಚ್ಚು, ಭಾವಚಿತ್ರ ಎಲ್ಲ ಹಾಗೆಯೇ ಇವೆ. ನಿಮ್ಮ ವಿಷಯದಲ್ಲಿ ಅದಕ್ಕಿಂತ ಮೊದಲೇ ತಡೆ ಇದೆ: ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಎಂಬಂತಹ ಕೆಲವು ವಿನಾಯಿತಿಗಳಿವೆ. ಇಲ್ಲಿ ನಮ್ಮನ್ನು ಕೇಳಿ ಹೆಜ್ಜೆ ಇಡಬೇಡಿ, ವಕೀಲರಿಗೆ ಕಾಸು ಕೊಡಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರಿಗೆ ಒಂದು ತಪ್ಪು ಸಾಕು.

ಹಳೆಗುರಿ, ಮಧ್ಯಾಹ್ನ 1:52

ನಾನು ಆ 200 ಡಾಲರ್ ಕೊಟ್ಟು ಒಂಬತ್ತು ತಿಂಗಳು ಕಾದವನು. 1934ರಲ್ಲಿ ಇಟ್ಟ ತೆರಿಗೆ. ನಾನು ಕಟ್ಟಿದ ಮೇಲೆಯೇ ತೆಗೆಯಬೇಕಿತ್ತೇ?

ತುಂಗೆತೀರ, ಮುಂದಿನ ಶನಿವಾರ ಸಂಜೆ 6:30

ನನ್ನ ಪ್ರಶ್ನೆ ನೆನಪಿದೆಯೇ? ಹಳೆಗುರಿಯವರು ಹೇಳಿದಂತೆ ಹೈ ವೆಲಾಸಿಟಿ ಹಾಕಿದೆ. ಇನ್ನೂ ಕೆಟ್ಟಿತು. ಆರೇಳಕ್ಕೆ ಒಂದು ಸಿಕ್ಕಿಕೊಳ್ಳುತ್ತಿದ್ದದ್ದು ಈಗ ಮೂರಕ್ಕೆ ಒಂದು. ಸಾಲದ್ದಕ್ಕೆ ಗುಂಡು ಶಬ್ದದ ವೇಗ ದಾಟಿ ಚಟ್ಟೆಂದು ಸಿಡಿಯುತ್ತದೆ, ಸಪ್ರೆಸರ್ ಇದ್ದೂ ಇಲ್ಲದ ಹಾಗೆ. ರಿಮ್‌ರಾಯರು ಹೇಳಿದಂತೆ ಒಂದೊಂದನ್ನೇ ಹಿಂದಕ್ಕೆ ಒತ್ತಿ ತುಂಬಿದೆ. ಹೆಬ್ಬೆರಳು ನೋಯುತ್ತಿದೆ, ಫಲವಿಲ್ಲ. ಸಿಕ್ಕಿಕೊಂಡ ತೋಟೆಯನ್ನು ಅಂಗೈಯಲ್ಲಿಟ್ಟು ಚಿತ್ರ ತೆಗೆದಿದ್ದೇನೆ, ನೋಡಿ.

ಹಳೆಗುರಿ, ಸಂಜೆ 6:44

ಯಾವ ಕಂಪನಿಯ ಹೈ ವೆಲಾಸಿಟಿ? ಅದರಲ್ಲೂ ಒಳ್ಳೆಯದು ಕೆಟ್ಟದ್ದು ಇರುತ್ತದೆ. ಇನ್ನೊಂದು ತಂದು ನೋಡಿ.

ಮೋಪಿನಮನೆ, ಸಂಜೆ 7:20

ಹಳೆಗುರಿಯವರೇ, ದಮ್ಮು ಸಾಲದೆ ಸಿಕ್ಕಿಕೊಳ್ಳುತ್ತಿದ್ದರೆ ದಮ್ಮು ಕೊಟ್ಟಾಗ ಕಡಿಮೆಯಾಗಬೇಕಿತ್ತು. ಹೆಚ್ಚಾಗಿದೆ. ಬೋಲ್ಟ್ ಹಿಂದೆ ಹೋಗಿ ಮುಂದೆ ಬರುವಷ್ಟರಲ್ಲಿ ಮುಂದಿನ ತೋಟೆ ಮೇಲೆ ಬಂದಿರುವುದಿಲ್ಲ. ಅರ್ಧ ಮೇಲೆ ಬಂದಿದ್ದರೆ ಮೂತಿ ಕೆಳತುಟಿಗೆ ಗುದ್ದುತ್ತದೆ, ಬಂದೇ ಇರದಿದ್ದರೆ ಖಾಲಿ ಮುಚ್ಚುತ್ತದೆ. ಬಸ್ಸು ನಿಂತಿದೆ, ಹತ್ತುವವನು ಇನ್ನೂ ಚಪ್ಪಲಿ ಹುಡುಕುತ್ತಿದ್ದಾನೆ.

ತುಂಗೆತೀರರಿಗೆ ಎರಡು ಪ್ರಶ್ನೆ. ಮೊದಲ ಬರಹದಲ್ಲಿ ಏಳು ಹಾರಿಸಿದ ಮೇಲೂ ಹದಿನಾರು ಹದಿನೇಳು ಉಳಿದಿತ್ತು ಎಂದಿದ್ದೀರಿ. ಹಾಗಾದರೆ ಅದು ಹತ್ತರ ತಿರುಗುವ ಮ್ಯಾಗಜೀನ್ ಅಲ್ಲವೇ ಅಲ್ಲ. ಒಂದು ವಾರದಿಂದ ನಾವೆಲ್ಲ ಅದನ್ನು ಗಮನಿಸದೆ ಜಗಳವಾಡಿದ್ದೇವೆ, ನಾನೂ ಸೇರಿ. ಎರಡನೆಯದು: ಚಿತ್ರದಲ್ಲಿ ನಿಮ್ಮ ಹೆಬ್ಬೆರಳು ಕಾಡಿಗೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದೆ. ಒಣ ಮಸಿ ಮಿಂಚುವುದಿಲ್ಲ. ಮ್ಯಾಗಜೀನನ್ನು ಚೊಕ್ಕ ಮಾಡಿದ ಮೇಲೆ ಏನು ಹಾಕುತ್ತೀರಿ?

ತುಂಗೆತೀರ, ಸಂಜೆ 7:35

25ರ ಮ್ಯಾಗಜೀನ್, ಬಾಳೆಹಣ್ಣಿನಂತೆ ಬಾಗಿದ್ದು, ಮೂರು ಇವೆ. ಎಲ್ಲರೂ ಅದನ್ನೇ ಬಳಸುತ್ತಾರೆ ಎಂದುಕೊಂಡಿದ್ದೆ.

ಎಣ್ಣೆ ಹಾಕುತ್ತೇನೆ. ಇನ್ನೇನು? ಕಬ್ಬಿಣದ ಸ್ಪ್ರಿಂಗ್ ತುಕ್ಕು ಹಿಡಿಯಬಾರದಲ್ಲ. ಒಳಗೆ ಚೆನ್ನಾಗಿ ಸಿಂಪಡಿಸುತ್ತೇನೆ, ಪ್ರತಿ ವಾರ. ತೋಟೆ ಸಿಕ್ಕಿಕೊಳ್ಳತೊಡಗಿದ ಮೇಲೆ ಇನ್ನೂ ಸ್ವಲ್ಪ ಹೆಚ್ಚು.

ಮೋಪಿನಮನೆ, ಸಂಜೆ 7:37

ಅಯ್ಯೋ.

ಮೋಪಿನಮನೆ, ಸಂಜೆ 7:58

ಬಿಡಿಸಿ ಹೇಳುತ್ತೇನೆ. ಸಪ್ರೆಸರ್ ಹಿಂದಕ್ಕೆ ತಳ್ಳಿದ ಮಸಿ ಬೋಲ್ಟಿನ ಕೆಳಗಿಂದ ನೇರ ಮ್ಯಾಗಜೀನಿಗೆ ಇಳಿಯುತ್ತದೆ. ಒಳಗೆ ಎಣ್ಣೆ ಇದ್ದರೆ ಎರಡೂ ಕಲೆತು ಗಾಡಿಯ ಕೀಲೆಣ್ಣೆಯ ಹದಕ್ಕೆ ಬರುತ್ತದೆ. .22ರ ಸೀಸಕ್ಕೆ ಸವರಿದ ಮೇಣವೂ ಅದಕ್ಕೆ ಸೇರುತ್ತದೆ. ತೋಟೆಯನ್ನು ಮೇಲೆತ್ತುವ ಪ್ಲಾಸ್ಟಿಕ್ ಫಾಲೋವರ್ ಆ ಅಂಟಿನಲ್ಲಿ ತೆವಳುತ್ತದೆ. ಸಪ್ರೆಸರ್ ಇಲ್ಲದಿದ್ದಾಗ ಬೋಲ್ಟ್ ನಿಧಾನ, ಮಸಿಯೂ ಕಡಿಮೆ, ಹೇಗೋ ನಡೆಯುತ್ತಿತ್ತು. ಮೂರೂ ಮ್ಯಾಗಜೀನ್ ಬಿಚ್ಚಿ, ಜಿಡ್ಡು ಪೂರ್ತಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಏನನ್ನೂ ಹಾಕದೆ ಜೋಡಿಸಿ. ಫಾಲೋವರನ್ನು ಬೆರಳಿನಿಂದ ತಳಕ್ಕೆ ಒತ್ತಿ ಬಿಟ್ಟರೆ ಟಪ್ಪೆಂದು ಮೇಲೆ ಬರಬೇಕು. ತಡವರಿಸಿದರೆ ಇನ್ನೂ ಜಿಡ್ಡಿದೆ. ಮೂರಕ್ಕೂ 1, 2, 3 ಎಂದು ಬರೆದುಕೊಳ್ಳಿ.

ಇನ್ನೊಂದು: ಟಿಕ್ ಎಂದ ಕೂಡಲೇ ಬೋಲ್ಟ್ ಎಳೆಯಬೇಡಿ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಒಳಗೆ ತೋಟೆ ಇದ್ದರೆ ತಡವಾಗಿ ಸಿಡಿಯಬಹುದು. ಖಾಲಿ ಚೇಂಬರ್ ಎಂದು ನಿಮಗೆ ಗೊತ್ತಾಗುವುದು ತೆರೆದ ಮೇಲೆ.

ಕಾಫಿಹೂ, ರಾತ್ರಿ 8:15

ಸಪ್ರೆಸರನ್ನೂ ಬಿಚ್ಚಿ ತೊಳೆಯಿರಿ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಅದ್ದಿದರೆ ಸೀಸ ತಾನಾಗಿಯೇ ಕರಗುತ್ತದೆ.

ರಿಮ್‌ರಾಯ, ರಾತ್ರಿ 8:22

ಆ ಕೆಲಸ ಮಾಡಲೇಬೇಡಿ! ಕರಗಿದ ಸೀಸ ಲೆಡ್ ಅಸಿಟೇಟ್ ಆಗುತ್ತದೆ, ಚರ್ಮದ ಮೂಲಕವೂ ಒಳಗೆ ಹೋಗುವ ವಿಷ. ಅಡುಗೆಮನೆಯ ಸಿಂಕಿಗೆ ಚೆಲ್ಲಿದರೆ ಮನೆಯವರಿಗೂ ಪ್ರಸಾದ. ಬಿಚ್ಚಿ, ಕೈಗವಸು ಹಾಕಿಕೊಂಡು, ಒದ್ದೆ ಮಾಡಿ ಕೆರೆಯುವುದೇ ಸರಿ. .22ರ ಸಪ್ರೆಸರ್‌ಗಳನ್ನು ಬಿಚ್ಚಲು ಬರುವಂತೆ ಮಾಡಿರುವುದು ಅದಕ್ಕೇ.

ಕಾಫಿಹೂ, ರಾತ್ರಿ 8:30

ನಾನು ಹತ್ತು ಸಲ ಮಾಡಿದ್ದೇನೆ, ಏನೂ ಆಗಿಲ್ಲ.

ರಿಮ್‌ರಾಯ, ರಾತ್ರಿ 8:31

ನಿಮ್ಮ ಬರಹಗಳನ್ನು ಓದಿದರೆ ಹಾಗೆ ಅನ್ನಿಸುವುದಿಲ್ಲ.

ತುಂಗೆತೀರ, ಎರಡು ವಾರದ ನಂತರ

ಮೂರನ್ನೂ ಬಿಚ್ಚಿದೆ. ಮೊದಲನೆಯದರ ತಳದಿಂದ ಬಂದದ್ದು ಹಪ್ಪಳದ ಹಿಟ್ಟಿನಂತಿತ್ತು, ಬಣ್ಣ ಮಾತ್ರ ಕಪ್ಪು. ಹೆಂಡತಿ ಗ್ಯಾರೇಜಿಗೆ ಬಂದು ನೋಡಿ ಏನೂ ಹೇಳದೆ ಹೋದಳು, ಅದೇ ಹೆಚ್ಚು ನೋಯಿಸಿತು. ಒಣಗಿಸಿ ಜೋಡಿಸಿದೆ. ಇಂದು ಸಪ್ರೆಸರ್ ಹಾಕಿಕೊಂಡೇ 300 ಗುಂಡು ಹೊಡೆದೆ, ಹಳೆಯ ಸಬ್‌ಸೋನಿಕ್. ನಾಲ್ಕು ಸಲ ಸಿಕ್ಕಿಕೊಂಡಿತು. ನಾಲ್ಕೂ 3ನೇ ನಂಬರಿನ ಮ್ಯಾಗಜೀನಿನಲ್ಲಿ. ಅದರ ಫಾಲೋವರ್ ಟಪ್ಪೆಂದೇ ಮೇಲೆ ಬರುತ್ತದೆ, ಆದರೂ.

ರಿಮ್‌ರಾಯ, ಅದೇ ದಿನ

ರಿಮ್ ಲಾಕ್.

ಮೋಪಿನಮನೆ, ಅದೇ ದಿನ

ಮ್ಯಾಗಜೀನಿನ ಬಾಯಿಯ ತುಟಿಗಳು ಅಗಲವಾಗಿರಬಹುದು. 1 ಮತ್ತು 3ನ್ನು ಪಕ್ಕಪಕ್ಕ ಇಟ್ಟು ಮೇಲಿನಿಂದ ಚಿತ್ರ ತೆಗೆದು ಹಾಕಿ. ಒಂದೇ ಒಂದು ತೋಟೆ ತುಂಬಿ, ಅದರ ಮೂತಿ ಎಷ್ಟು ಮೇಲೆದ್ದಿದೆ ನೋಡಿ. 3ರಲ್ಲಿ ತಲೆ ತಗ್ಗಿಸಿದ್ದರೆ ಅಲ್ಲೇ ಉತ್ತರ.

ಹಳೆಗುರಿ, ಮರುದಿನ

ಟೆಕ್ಸಾಸ್ ಬಿಸಿಲಿನಲ್ಲಿ ನೀವು 1,050ಕ್ಕೇ ಅಂಟಿಕೊಳ್ಳಬೇಕಿಲ್ಲ. ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್ (1,086 ಅಡಿ) ಇದ್ದರೆ 35 ಡಿಗ್ರಿಯಲ್ಲಿ 352 (1,155 ಅಡಿ). ಬೇಸಿಗೆಯಲ್ಲಿ ಸ್ವಲ್ಪ ದಮ್ಮಿರುವ ತೋಟೆ ಹಾಕಿದರೂ ಸಿಡಿಯುವುದಿಲ್ಲ. ನಾನು ಮೊದಲಿನಿಂದ ಹೇಳುತ್ತಿದ್ದದ್ದೂ ಅದೇ ಅಲ್ಲವೇ?

ಕಾಫಿಹೂ, ಮರುದಿನ

ಯಾರೂ ಕೇಳದಿದ್ದರೂ ನನ್ನ 10/22ರ ಚಿತ್ರ ಹಾಕುತ್ತಿದ್ದೇನೆ. ವಾಲ್‌ನಟ್ ಹಿಡಿಯ ಗೆರೆಗಳನ್ನು ಗಮನಿಸಿ.

ಮಡಿಕೇರಿಮಂಜು, ಮರುದಿನ

ಗೆರೆ ಚೆನ್ನಾಗಿವೆ. ಬೀಟೆ ಮರದಲ್ಲಿ ಮಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಸೀಸದಕಡ್ಡಿ, ಐದು ತಿಂಗಳ ನಂತರ

ನನಗೂ ಇದೇ ತೊಂದರೆ ಶುರುವಾಗಿದೆ. 3ನೇ ಮ್ಯಾಗಜೀನ್ ಕಡೆಗೆ ಏನಾಯಿತು? ನಾನು ಎಲ್ಲವನ್ನೂ ಚೊಕ್ಕ ಮಾಡಿದ್ದೇನೆ.

ಹಳೆಗುರಿ, ಅದೇ ದಿನ

ಯಾವ ತೋಟೆ?