501 ವೀಸಾ ರದ್ದು: ಟ್ರಿಬ್ಯೂನಲ್‌ನಲ್ಲೂ ಸೋತ ಮೇಲೆ ಫೆಡರಲ್ ಕೋರ್ಟ್?

ದಕ್ಷಿಣತೀರ:
ಆಸ್ಟ್ರೇಲಿಯಾದಲ್ಲಿ ಪಿಆರ್ (ಕಾಯಂ ವಾಸದ ವೀಸಾ) ಇದ್ದ ನಮ್ಮ ಭಾವನಿಗೆ 14 ತಿಂಗಳ ಜೈಲಾಯಿತು. ಒಳಗಿದ್ದಾಗಲೇ ವಲಸೆ ಕಾಯ್ದೆಯ ಸೆಕ್ಷನ್ 501ರಡಿ (ನಡತೆಯ ಕಾರಣಕ್ಕೆ) ವೀಸಾ ರದ್ದು. ರದ್ದತಿ ಹಿಂಪಡೆಯಿರಿ ಎಂಬ ಮನವಿಯನ್ನು ಇಲಾಖೆ ಒಪ್ಪಲಿಲ್ಲ, ಇಲಾಖೆಯ ನಿರ್ಧಾರಗಳನ್ನು ಮರುಪರಿಶೀಲಿಸುವ ಟ್ರಿಬ್ಯೂನಲ್ ಅದನ್ನೇ ಎತ್ತಿಹಿಡಿಯಿತು. ಈಗ ಅಕ್ಕನ ಪತ್ರ, ಕೌನ್ಸೆಲಿಂಗ್ ಸರ್ಟಿಫಿಕೇಟ್ ಹೊಸದಾಗಿ ಸಿಕ್ಕಿವೆ. ಕೋರ್ಟಿಗೆ ಕೊಡಬಹುದೇ? ಕೇಸ್ ಹಾಕಿದರೆ ಗಡೀಪಾರು ನಿಲ್ಲುತ್ತದೆಯೇ?

ಕಡತಪ್ರಿಯ:
ಮೊದಲು ಟ್ರಿಬ್ಯೂನಲ್ ತೀರ್ಪಿನ ತಾರೀಖು ನೋಡಿ. ಅಲ್ಲಿಂದ 35 ದಿನದೊಳಗೆ ಫೆಡರಲ್ ಕೋರ್ಟಿನಲ್ಲಿ ಅರ್ಜಿ ದಾಖಲಾಗಬೇಕು. ತಡವಾದರೆ ಅರ್ಜಿಯಲ್ಲೇ ಕಾರಣ ಬರೆದು ಕಾಲಾವಕಾಶ ಕೇಳಬಹುದು, ಆದರೆ ಕೇಸಿನಲ್ಲಿ ಹುರುಳಿದೆಯೇ ಎಂದೂ ನೋಡುತ್ತಾರೆ. ಇಲಾಖೆಗೆ ಮನವಿ ಕೊಡುವ 28 ದಿನ, ಟ್ರಿಬ್ಯೂನಲ್‌ಗೆ ಹೋಗುವ 9 ದಿನಗಳಿಗೆ ಆ ಸಡಿಲಿಕೆಯೂ ಇಲ್ಲ. ಅಲ್ಲೇ ಎಷ್ಟೋ ಕೇಸುಗಳು ಮುಗಿದುಹೋಗುತ್ತವೆ.

ಹೊಸ ಪತ್ರಗಳು ಈ ಹಂತದಲ್ಲಿ ಕೆಲಸಕ್ಕೆ ಬರುವುದಿಲ್ಲ. ಭಾವ ಸುಧಾರಿಸಿದ್ದಾರೆಯೇ ಎಂಬುದು ಜಡ್ಜ್ ಮುಂದಿರುವ ಪ್ರಶ್ನೆಯೇ ಅಲ್ಲ. ಟ್ರಿಬ್ಯೂನಲ್ ಕಾನೂನಿನ ಚೌಕಟ್ಟಿನೊಳಗೆ ನಿರ್ಧರಿಸಿತೇ ಎಂಬುದಷ್ಟೇ ಪ್ರಶ್ನೆ.

ಸಾಲುಸಾಲಾಗಿ:
ಹಾಗಾಗಿ ತೀರ್ಪನ್ನೂ ನೀವು ಕೊಟ್ಟ ಮನವಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ಪ್ಯಾರಾ ನಂಬರ್ ಹಾಕಿ ಓದಿ. ಉದಾಹರಣೆಗೆ, ಮಗುವಿನ ಚಿಕಿತ್ಸೆ ತಂದೆಯನ್ನೇ ಅವಲಂಬಿಸಿದೆ ಎಂದು ಮನವಿಯಲ್ಲಿ ಸ್ಪಷ್ಟವಾಗಿ ಬರೆದಿದ್ದು, ತೀರ್ಪಿನಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ವಾದಕ್ಕೆ ಎಡೆಯಿದೆ. ಮನವಿಯನ್ನು ಓದಿ, ಅರ್ಥಮಾಡಿಕೊಂಡು, ತೂಗಿ ನೋಡಬೇಕು ಎಂದು ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ಕೋರ್ಟ್) 2022ರಲ್ಲಿ ಎಂ1/2021 ಪ್ರಕರಣದಲ್ಲಿ ಹೇಳಿದೆ. ಆದರೆ ಎಷ್ಟು ತೂಕ ಕೊಡಬೇಕೆಂಬುದು ನಿರ್ಧರಿಸುವವರಿಗೇ ಬಿಟ್ಟದ್ದು. ‘ಮಗುವಿನ ವಿಷಯಕ್ಕೆ ಕಡಿಮೆ ತೂಕ ಕೊಟ್ಟರು’ ಎಂದಷ್ಟೇ ಬರೆದರೆ ಅರ್ಜಿ ನಿಲ್ಲುವುದಿಲ್ಲ. ತಪ್ಪಾಗದಿದ್ದರೆ ಫಲಿತಾಂಶ ಬೇರೆಯಾಗುವ ನೈಜ ಸಾಧ್ಯತೆ ಇತ್ತು ಎಂದೂ ತೋರಿಸಬೇಕು (ಅದೇ ಹೈಕೋರ್ಟಿನ ಎಲ್‌ಪಿಡಿಟಿ ಪ್ರಕರಣ, 2024).

‘ವಿಚಾರಣೆಯಲ್ಲಿ ನಮ್ಮ ಸಾಕ್ಷಿಯ ಮಾತು ಕೇಳಲೇ ಇಲ್ಲ’ ಎಂದು ಬಹಳ ಜನ ದೂರುತ್ತಾರೆ. ವಿಚಾರಣೆಗೆ ಕನಿಷ್ಠ 2 ಕೆಲಸದ ದಿನ ಮೊದಲು ಲಿಖಿತ ಹೇಳಿಕೆ ಸಚಿವರ ಕಡೆಯವರಿಗೆ ತಲುಪದಿದ್ದರೆ ಆ ಮಾತನ್ನು ಪರಿಗಣಿಸಬಾರದೆಂದು ಕಾನೂನೇ ಹೇಳುತ್ತದೆ. ಅದನ್ನು ಟ್ರಿಬ್ಯೂನಲ್ ತಪ್ಪೆಂದು ತೋರಿಸಲಾಗದು.

ಕಡತಪ್ರಿಯ:
ಗಡೀಪಾರಿನ ವಿಷಯ ಬಿಟ್ಟುಹೋಗಿತ್ತು. ಅರ್ಜಿ ಹಾಕಿದ ಮಾತ್ರಕ್ಕೆ ಅದು ತಾನಾಗಿ ನಿಲ್ಲುವುದಿಲ್ಲ. ಕೇಸ್ ಮುಗಿಯುವವರೆಗೆ ಕಳಿಸುವುದಿಲ್ಲ ಎಂಬ ಲಿಖಿತ ಭರವಸೆಯನ್ನು ಸಚಿವರ ವಕೀಲರಿಂದ ಕೇಳಿ. ಕೊಡದಿದ್ದರೆ ತಕ್ಷಣ ತಡೆಯಾಜ್ಞೆಗೆ ಅರ್ಜಿ.

ಶಿಕ್ಷೆಯ ವಿರುದ್ಧ ಮೇಲ್ಮನವಿ ಬಾಕಿಯಿದೆಯೇ? ಅಪರಾಧ ನಿರ್ಣಯವೇ ರದ್ದಾದರೆ ಆ ಶಿಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇದನ್ನು ವಕೀಲರಿಗೆ ಮೊದಲೇ ತಿಳಿಸಿ.

ದಕ್ಷಿಣತೀರ:
ಮೇಲ್ಮನವಿ ಇಲ್ಲ. ಗೆದ್ದರೆ ವೀಸಾ ವಾಪಸ್ ತಾನೇ?

ಸಾಲುಸಾಲಾಗಿ:
ಇಲ್ಲ. ಟ್ರಿಬ್ಯೂನಲ್ ತೀರ್ಪು ಬಿದ್ದು, ವಿಷಯ ಮತ್ತೆ ಅಲ್ಲಿಗೇ ಹೋಗುತ್ತದೆ. ಮೂಲ ರದ್ದತಿ ಹಾಗೇ ಇರುತ್ತದೆ, ಆದ್ದರಿಂದ ಡಿಟೆನ್ಷನ್ನೂ (ವೀಸಾ ಇಲ್ಲದವರನ್ನು ಇಡುವ ವಲಸೆ ಬಂಧನ) ಮುಂದುವರಿಯುತ್ತದೆ. ಅಕ್ಕನ ಪತ್ರ, ಸರ್ಟಿಫಿಕೇಟ್ ಬೇಕಾಗುವುದು ಆಗಲೇ. ಸೋತರೆ ಸಚಿವರ ಕಡೆಯ ವೆಚ್ಚವೂ ಸಾಮಾನ್ಯವಾಗಿ ನಿಮ್ಮ ಮೇಲೇ ಬೀಳುತ್ತದೆ. ಕೇಸ್ ಹಾಕುವ ಮುನ್ನ ಆ ಮೊತ್ತ ಎಷ್ಟಾಗಬಹುದೆಂದು ವಕೀಲರಿಂದ ಬರವಣಿಗೆಯಲ್ಲಿ ಪಡೆಯಿರಿ.